ಕಾಕನ ಖಾಲಿ ಕ್ಯಾಮರಾ

ಮಡಂತ್ಯಾರಿನ ಹತ್ತಿರ ರಸ್ತೆ ಬದಿಯ ಒಂದು ಶಾಲೆಯಲ್ಲಿ ನಾನು ಟೀಚರಾಗಿದ್ದಾಗ, ಅಂದರೆ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಮ್ಮ ಗೇಟಿನೆದುರು ಝೀಬ್ರಾ ಪಟ್ಟಿ ಬಳಿದು ಹೋದರು. ಬಸ್ಸಿನವರ ಮಟ್ಟಿಗೆ ಅದು ಬರೀ ರಂಗೋಲಿ. ಹಿಂದಿನ ಬಸ್ಸಿನವನು ಓವರ್‌ಟೇಕ್ ಮಾಡಿ ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಂಡಾನು ಎಂಬುದೊಂದೇ ಅವರ ಚಿಂತೆ.

ಸಂಜೆ ಮಕ್ಕಳನ್ನು ದಾಟಿಸುವ ಡ್ಯೂಟಿ ನನ್ನ ತಲೆಗೆ ಬಿತ್ತು. ನನ್ನ ಸ್ವರ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು ಎಂದು ಹೆಡ್‌ಮಾಸ್ಟರರ ಅಭಿಪ್ರಾಯ. ಒಮ್ಮೆ ಮೂರನೇ ಕ್ಲಾಸಿನ ಹುಡುಗಿಯ ಚೀಲಕ್ಕೆ ಬಸ್ಸು ತಾಗಿಕೊಂಡೇ ಹೋಯಿತು. ಹುಡುಗಿ ನಕ್ಕಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಒಂದು ದಿನ ಇಲ್ಲಿ ಒಂದು ಮಗು ಹೋಗುತ್ತದೆ, ಅದೂ ನನ್ನ ಕಣ್ಣೆದುರೇ ಎಂಬ ಹೆದರಿಕೆ ಅಂದಿನಿಂದ ಬಿಡಲಿಲ್ಲ.

ಎದುರಿನ ಇಲೆಕ್ಟ್ರಿಕ್ ಅಂಗಡಿಯವರು ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ನನ್ನ ರಂಪಾಟವನ್ನು ದಿನಾ ನೋಡಿ ಅವರಿಗೂ ಸಾಕಾಗಿತ್ತು.

"ಗಲ್ಫಿನಲ್ಲಿ ಕಂಬದ ಗುಂಡಿ ಒತ್ತಿದ್ರೆ ಸಿಗ್ನಲ್ ಕೆಂಪಾಗ್ತದೆ ಟೀಚರೇ. ತಪ್ಪಿಸಿ ಹೋದ್ರೆ ಕ್ಯಾಮರಾ ಹಿಡೀತದೆ," ಎಂದರು. "ಇಲ್ಲಿ ಪೈಂಟ್ ಉಂಟು, ಹೆದರಿಕೆ ಇಲ್ಲ."

ಮರುವಾರ ಅವರ ಅಂಗಡಿಯ ಮಾಡಿನಂಚಿನಲ್ಲಿ ರಸ್ತೆಗೆ ಮುಖ ಮಾಡಿ ಒಂದು ಕ್ಯಾಮರಾ ಕೂತಿತ್ತು. ಕೆಂಪು ದೀಪವೂ ಮಿನುಗುತ್ತಿತ್ತು. ಒಳಗೆ ದೀಪದ ಸೆಲ್ ಬಿಟ್ಟರೆ ಏನೂ ಇಲ್ಲವೆಂದು ನನಗೊಬ್ಬಳಿಗೆ ಹೇಳಿದರು. ಆಮೇಲೆ ಪಕ್ಕದ ಅಂಗಡಿಗೆ ಸೋಡ ಕುಡಿಯಲು ಬಂದ ಒಬ್ಬ ಕಂಡಕ್ಟರನನ್ನು ಬದಿಗೆ ಕರೆದು, "ಇದರ ಲೈನ್ ಸೀದಾ ಸ್ಟೇಷನ್ನಿಗೆ. ಯಾರಿಗೂ ಹೇಳ್ಬೇಡಿ ಮಾರಾಯ್ರೆ," ಎಂದರು. ನಮ್ಮಲ್ಲಿ ಸುದ್ದಿ ಮುಟ್ಟಿಸಲು ಪೇಪರಿಗೆ ಹಾಕಿಸಬೇಕಾಗಿಲ್ಲ, ಒಬ್ಬ ಕಂಡಕ್ಟರನಿಗೆ ಗುಟ್ಟು ಹೇಳಿದರೆ ಸಾಕು. ಎರಡೇ ದಿನಗಳಲ್ಲಿ ಉಜಿರೆಯವರೆಗಿನ ಡ್ರೈವರುಗಳೆಲ್ಲ ಪಟ್ಟಿಯ ಹತ್ತಿರ ಬಂದಾಗ ಹೊಸ ಮದುಮಗನಷ್ಟು ಮರ್ಯಾದಸ್ಥರಾದರು. ಕೆಲವರು ಕ್ಯಾಮರಾ ಕಂಡು ತಲೆ ಬಾಚಿಕೊಳ್ಳುತ್ತಿದ್ದರು.

ಎರಡು ವರ್ಷ ನಾನು ಆರಾಮಾಗಿದ್ದೆ. ನಾಲ್ಕು ಗಂಟೆಗೆ ಸ್ಟಾಫ್ ರೂಮಿನಲ್ಲಿ ಕೂತು ಬಿಸಿ ಚಹಾ ಕುಡಿಯುವ ಸುಖ ಏನೆಂದು ಆಗ ತಿಳಿಯಿತು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದವಳೂ ನಾನೇ.

ಜೂನಿನ ಒಂದು ಗಾಳಿಗೆ ಕ್ಯಾಮರಾ ಕಳಚಿ ಬಿತ್ತು. ಬಿದ್ದದ್ದು ಟ್ಯೂಬ್‌ಲೈಟ್ ತೆಗೆದುಕೊಳ್ಳಲು ಬಂದಿದ್ದ ಒಬ್ಬ ಡ್ರೈವರನ ಕಾಲ ಬುಡಕ್ಕೆ. ಅವನು ಹೆಕ್ಕಿ ನೋಡಿದ. ಒಳಗೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು. ಕಾಕ ನನ್ನಲ್ಲಿಗೆ ಓಡಿ ಬಂದರು. "ಆಯ್ತು ಟೀಚರೇ, ಮರ್ಯಾದೆ ಹೋಯ್ತು," ಎಂದರು. ನನಗೆ ಅವರ ಮರ್ಯಾದೆಯ ಚಿಂತೆ ಇರಲಿಲ್ಲ. ನಾಳೆಯಿಂದ ಬಸ್ಸುಗಳು ಮತ್ತೆ ಹಾರುತ್ತವೆ ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಸಂಜೆ ಬೆಲ್ಲಾಗುವ ಮೊದಲೇ ರಸ್ತೆಗೆ ಹೋಗಿ ನಿಂತೆ. ಮಕ್ಕಳು ಗೇಟಿನಿಂದ ಹೊರಬರುವುದಕ್ಕೂ ಅದೇ ಡ್ರೈವರನ ಬಸ್ಸು ಬರುವುದಕ್ಕೂ ಸರಿಹೋಯಿತು. ಬಸ್ಸು ಪಟ್ಟಿಯ ಹಿಂದೆ ನಿಂತಿತು. ನಂಬಿಕೆಯಾಗದೆ ಅವನ ಬಾಗಿಲ ಹತ್ತಿರ ಹೋದೆ.

"ಕ್ಯಾಮರಾದ ಸಂಗತಿ ನಿಮಗೆ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಈ ಲೈನಿನ ಬಸ್ಸಿನವರಿಗೆಲ್ಲ ಹೇಳಿದ್ದೇನೆ."

"ಮತ್ತೆ ಯಾಕೆ ನಿಲ್ಲಿಸಿದ್ದು?"

ಅವನು ದಡ್ಡಿಯೊಬ್ಬಳನ್ನು ನೋಡುವ ಹಾಗೆ ನನ್ನನ್ನು ನೋಡಿದ. "ನಿಮ್ಮ ಮಕ್ಕಳು ಈಗ ಬಸ್ಸು ಬರ್ತದಾ ಅಂತ ನೋಡುವುದೇ ಇಲ್ಲ ಟೀಚರ್. ಎರಡು ವರ್ಷದಿಂದ ಹಾಗೇ ನಡ್ಕೊಂಡು ಹೋಗ್ತಾರೆ. ನಾವು ಇನ್ನು ನಿಲ್ಲಿಸದೆ ಆಗ್ತದಾ? ಅದನ್ನೇ ಎಲ್ಲರಿಗೂ ಹೇಳಿದ್ದು."

ತಿರುಗಿ ನೋಡಿದೆ. ಮಕ್ಕಳು ಹರಟುತ್ತಾ ದಾಟುತ್ತಿದ್ದರು. ಒಬ್ಬರೂ ಕತ್ತು ತಿರುಗಿಸಲಿಲ್ಲ. ಅಷ್ಟು ಹೆದರುತ್ತಿದ್ದವಳು ನಾನು, ಎರಡು ವರ್ಷ ಇದನ್ನು ಕಂಡಿರಲಿಲ್ಲ. ಕಂಡದ್ದು ನಾನು ದಿನಾ ಬೈಯುತ್ತಿದ್ದ ಬಸ್ಸಿನವನು. ನಾಚಿಕೆಯಾಗಿ ಅವನ ಬಸ್ಸಿಗೆ ದಾರಿ ಬಿಟ್ಟು ಬದಿಗೆ ಸರಿದೆ.

ಮಾರನೇ ಬೆಳಿಗ್ಗೆ ಮೂರನೇ ಕ್ಲಾಸನ್ನು ರಸ್ತೆ ಬದಿಗೆ ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿ, "ದಾಟುವ ಮೊದಲು ಬಲಕ್ಕೆ ನೋಡಿ," ಎಂದೆ. ಬಲಕ್ಕೆ ನೋಡುವುದು ಬಿಟ್ಟು ಎಲ್ಲರೂ ನನ್ನ ಮುಖ ನೋಡಿದರು.