ಚಂದ್ರನ ಮೇಲಿನ ಕ್ಯಾಮೆರಾ, ತೆಲಿಗಿಯ ಬೀಗರು

ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಎಂಬ ಸುದ್ದಿ ನಮ್ಮ ಕೊಟ್ಟೂರಿಗೆ ಬಂದದ್ದು ಕೇಬಲ್ ಟಿ.ವಿ.ಯ ಮೂಲಕ. ಇಳಿದಿದ್ದಾನೆ ಎಂಬುದನ್ನು ನಂಬಲು ಮೂವತ್ತು ವರ್ಷ ಸಾಲದ ಊರು, ಇಳಿದಿಲ್ಲ ಎಂಬುದನ್ನು ಒಂದೇ ಸಂಜೆಯಲ್ಲಿ ನಂಬಿಬಿಟ್ಟಿತು. ಮರುದಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದವರೆಲ್ಲ ಬಾಹ್ಯಾಕಾಶ ವಿಜ್ಞಾನಿಗಳಾಗಿದ್ದರು. ಗಾಳಿಯಿಲ್ಲದ ಜಾಗದಲ್ಲಿ ಬಾವುಟ ಹೇಗೆ ಅಲ್ಲಾಡಿತು, ಕರಿ ಆಕಾಶದಲ್ಲಿ ಚುಕ್ಕಿ ಯಾಕೆ ಕಾಣಲಿಲ್ಲ ಎಂದು ಒಬ್ಬೊಬ್ಬರೂ ಒಂದೊಂದು ಸವಾಲು ಹಾಕುತ್ತಿದ್ದರು. ಬಾಯಲ್ಲಿದ್ದ ಮಿರ್ಚಿಯ ಖಾರ ಇಳಿಯುವ ಮೊದಲೇ ಪರದೇಶದ ಮಾನ ಇಳಿದುಹೋಗಿತ್ತು.

ಇದರಲ್ಲಿ ನನ್ನ ಪಾತ್ರವೇನು ಅಂದಿರಾ? ನಾನು ಆ ಊರಿನಲ್ಲಿ ಒಂದು ಫೋಟೊ ಸ್ಟುಡಿಯೊ ಇಟ್ಟುಕೊಂಡು ಮದುವೆಗಳ ವಿಡಿಯೊ ತೆಗೆಯುತ್ತಿದ್ದೆ. ಅಷ್ಟು ಸಾಕಾಯಿತು. "ಎಲ್ಲಾ ಸ್ಟುಡಿಯೋದಾಗ ತೆಗ್ದಾರಂತಲ್ರಿ? ನಿಮ್ಮ ಲೈನಿನೋರದ ಕೆಲಸ ಅಂತ ಇದು," ಎಂದು ನನ್ನನ್ನು ಓರೆಗಣ್ಣಿನಿಂದ ನೋಡತೊಡಗಿದರು. ಆ ಮೋಸದಲ್ಲಿ ನನಗೂ ಒಂದು ಪಾಲು ಬಂದಿರಬೇಕು, ನಾನು ಬಾಯಿ ಬಿಡುತ್ತಿಲ್ಲ ಎಂಬುದು ಹೋಟೆಲಿನ ಒಮ್ಮತದ ಅಭಿಪ್ರಾಯವಾಗಿತ್ತು.

ಈ ಮಹಾ ಸಂಶಯವಾದಿಗಳ ಮನೆಯ ಮದುವೆ ಕ್ಯಾಸೆಟ್ಟುಗಳನ್ನು ಮಾಡಿಕೊಟ್ಟವನು ನಾನೇ ಎಂಬುದನ್ನು ಇಲ್ಲಿ ಹೇಳಬೇಕು. ಗುಡೇಕೋಟೆಯ ವರನೊಬ್ಬ ನನ್ನ ಕ್ಯಾಸೆಟ್ಟಿನಲ್ಲಿ ಹಿಮದ ಬೆಟ್ಟದ ತುದಿಯಲ್ಲಿ ನಿಂತು ನಗುತ್ತಾನೆ. ಅವನು ಹುಟ್ಟಿದಾಗಿನಿಂದ ಹತ್ತಿದ ಬೆಟ್ಟವೆಂದರೆ ಊರ ಹಿಂದಿನ, ಕುರಿ ಮೇಯುವ ಕುರುಚಲು ಗುಡ್ಡ ಒಂದೇ. ಹಗರಿಬೊಮ್ಮನಹಳ್ಳಿಯ ವಧು ಒಂದು ತಾವರೆ ಹೂವಿನೊಳಗಿಂದ ಹುಟ್ಟಿ ಬರುತ್ತಾಳೆ. ತಾಳಿ ಕಟ್ಟುವ ಹೊತ್ತಿಗೆ ದಾವಣಗೆರೆಯ ಮಿಕ್ಸಿಂಗ್‌ನವನ ಕೃಪೆಯಿಂದ ಎರಡು ಪಾರಿವಾಳ ಹಾರಿಹೋಗುತ್ತವೆ. ಇದನ್ನೆಲ್ಲ ನೋಡಿ ಒಬ್ಬರಾದರೂ ಪಾರಿವಾಳ ಕಲ್ಯಾಣ ಮಂಟಪಕ್ಕೆ ಎಲ್ಲಿಂದ ಬಂತು ಎಂದು ಕೇಳಿದವರಲ್ಲ. ಗುಡೇಕೋಟೆಯವರಂತೂ "ಇನ್ನೊಂಚೂರು ಹಿಮ ಹಾಕಬೌದಿತ್ತಲ್ರಿ" ಎಂದು ಬೇಸರ ಮಾಡಿಕೊಂಡು ಹೋದರು.

ಹೋಟೆಲಿನವರ ಸಲುವಾಗಿ ಅಲ್ಲದಿದ್ದರೂ ಕಸುಬಿನ ಮಾನದ ಸಲುವಾಗಿ ನಾನು ಗ್ರಂಥಾಲಯದ ಹಳೆಯ ವಿಜ್ಞಾನ ಪತ್ರಿಕೆಗಳನ್ನು ಹುಡುಕಿ ಓದಿದೆ. ಓದುತ್ತ ಹೋದಂತೆ ಆ ಗಗನಯಾತ್ರಿಗಳ ಮೇಲೆ ನನಗೆ ಒಂದೇ ಕಸುಬಿನವರೆಂಬ ಪ್ರೀತಿ ಹುಟ್ಟಿತು. ಚಂದ್ರನ ಮೇಲೆ ಇಳಿದ ಅವರ ನೌಕೆ ಇಬ್ಬರು ನಿಂತರೆ ತುಂಬಿಹೋಗುವಂಥ ಗೂಡು, ಕೂರಲು ಕುರ್ಚಿ ಸಹ ಇರಲಿಲ್ಲ. ಅದರ ಕಿಟಕಿಗೆ ಒಂದು ಸಿನಿಮಾ ಕ್ಯಾಮೆರಾ ಬಿಗಿದಿದ್ದರು. ಹೊರಗೆ ಇಬ್ಬರೂ ಓಡಾಡುವಾಗ ಒಳಗೆ ಯಾರೂ ಇಲ್ಲದ ಮನೆಯಲ್ಲಿ ಅದೊಂದೇ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಅದೂ ಫಿಲ್ಮ್ ಬೇಗ ಮುಗಿಯಬಾರದೆಂದು ನಿಧಾನಗತಿಯಲ್ಲಿ ಓಡಿಸಿದ್ದು. ರೀಲು ಉಳಿಸುವ ಬುದ್ಧಿ ಕೊಟ್ಟೂರಿನ ಸ್ಟುಡಿಯೊದವರಿಗೆ ಮಾತ್ರ ಇದೆ ಎಂದು ತಿಳಿದಿದ್ದೆ.

ಮೂವರು ಒಟ್ಟಿಗೆ ಪಯಣಿಸಿದ ದೊಡ್ಡ ನೌಕೆಯೊಳಗಂತೂ ಕ್ಯಾಮೆರಾವನ್ನು ಕೈಬಿಟ್ಟರೆ ಅದು ಗಾಳಿಯಲ್ಲೇ ತೇಲುತ್ತ ನಿಲ್ಲುತ್ತಿತ್ತಂತೆ. ನಮ್ಮ ಕಡೆಯ ಮದುವೆಗಳಲ್ಲಿ ಹಾಗೆ ಕೈಬಿಟ್ಟರೆ ಅದು ಸಾರಿನ ಕೊಳಗದಲ್ಲಿ ಸಿಗುತ್ತದೆ. ಇನ್ನು ವಾಪಸ್ ಹೊರಡುವಾಗ ಭಾರ ಹೆಚ್ಚಾದೀತೆಂದು ರೀಲನ್ನಷ್ಟೇ ತೆಗೆದುಕೊಂಡು, ಬಂಗಾರದಂಥ ಕ್ಯಾಮೆರಾಗಳನ್ನು ಚಂದ್ರನ ಮೇಲೆಯೇ ಬಿಟ್ಟು ಬಂದರಂತೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ನನ್ನ ಮನಸ್ಸಿಗೆ ತಾಗಿದ ವಿಷಯ ಬೇರೆಯೇ ಇದೆ. ಮೊಟ್ಟಮೊದಲು ಇಳಿದ ಪುಣ್ಯಾತ್ಮನ ಕೈಯಲ್ಲೇ ಹೆಚ್ಚು ಹೊತ್ತು ಫೋಟೊ ಕ್ಯಾಮೆರಾ ಇತ್ತು. ಹಾಗಾಗಿ ಅಲ್ಲಿಯ ಒಳ್ಳೆಯ ಫೋಟೊಗಳಲ್ಲಿ ಠೀವಿಯಿಂದ ನಿಂತಿರುವವನು ಎರಡನೆಯವನು. ಮೊದಲನೆಯವನು ಬರೀ ತೆಗೆದಿದ್ದಾನೆ. ಒಳಗೆ ಬಂದು ಬಾಗಿಲು ಹಾಕಿ ಶಿರಸ್ತ್ರಾಣ ಬಿಚ್ಚಿದ ಮೇಲೆ ಜೊತೆಗಾರ ಅವನದೊಂದು ಫೋಟೊ ತೆಗೆದ. ದಣಿದ ಮುಖ, ನಗು, ತುಂಬಿಕೊಂಡ ಕಣ್ಣು. ಮೇಲೆ ಒಬ್ಬನೇ ಸುತ್ತುತ್ತಿದ್ದ ಮೂರನೆಯವನ ಕಥೆ ಇನ್ನೂ ವಿಚಿತ್ರ. ಅವನು ಕಿಟಕಿಯಿಂದ ತೆಗೆದ ಒಂದು ಚಿತ್ರದಲ್ಲಿ ಆ ಇಬ್ಬರ ಗೂಡಿದೆ, ಹಿಂದೆ ಇಡೀ ಭೂಮಿ ಇದೆ. ಬದುಕಿದ್ದ ಮನುಷ್ಯರೆಲ್ಲ ಆ ಚೌಕಟ್ಟಿನೊಳಗೆ, ಅವನೊಬ್ಬ ಹೊರಗೆ. ನಮ್ಮ ಕಸುಬಿನ ಹಣೆಬರಹವೇ ಇಷ್ಟು.

ಈ ಹಣೆಬರಹ ನನ್ನ ಮನೆ ಬಾಗಿಲಿಗೂ ಬಂತು. ಅದೇ ವರ್ಷ ನನ್ನ ತಂಗಿ ಅನ್ನಪೂರ್ಣಳನ್ನು ಹರಪನಹಳ್ಳಿ ತಾಲ್ಲೂಕಿನ ತೆಲಿಗಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಅಪ್ಪ ಇಲ್ಲದ ಮನೆ, ಇದ್ದ ಗಂಡು ದಿಕ್ಕು ನಾನೊಬ್ಬನೇ. ಬೀಗರ ಮನೆತನದಲ್ಲಿ ಒಂದು ಪದ್ಧತಿ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವಾಗ ಹೆಣ್ಣಿನ ಅಣ್ಣನಾದವನು ಅವಳ ಬೆನ್ನ ಹಿಂದೆ ನಿಲ್ಲಬೇಕು. ನಾನೇನು ಮಾಡಿದೆ? ಇರುವವಳೊಬ್ಬಳೇ ತಂಗಿ, ಅವಳ ಮದುವೆಯ ವಿಡಿಯೊವನ್ನು ಯಾವನೋ ಕಂಡವನ ಕೈಗೆ ಕೊಡುವುದೇ ಎಂದು ನನ್ನ ಕ್ಯಾಮೆರಾವನ್ನು ನಾನೇ ಹೆಗಲಿಗೇರಿಸಿಕೊಂಡು ಅವಳ ಎದುರಿಗೆ ನಿಂತುಬಿಟ್ಟೆ. ಬೆನ್ನ ಹಿಂದೆ ನಿಲ್ಲಬೇಕಾದವನು ಎದುರಿಗೆ ನಿಂತರೆ ಪ್ರೀತಿ ಇನ್ನೂ ಹೆಚ್ಚಲ್ಲವೇ ಎಂಬುದು ನನ್ನ ಲೆಕ್ಕ. ಬೀಗರ ಲೆಕ್ಕ ಬೇರೆ ಇತ್ತು.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು, ಅದರಲ್ಲೂ ಮದುವೆಯಾದ ಮೊದಲ ಪಂಚಮಿ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದ್ದಳು. ಅಷ್ಟರಲ್ಲಿ ತೆಲಿಗಿಯ ಕಡೆಯಿಂದ ಸಂತೆಗೆ ಬಂದವರ ಬಾಯಲ್ಲಿ ಮಾತು ಬಂತು: ಬೀಗರು ಮದುವೆ ಕ್ಯಾಸೆಟ್ಟನ್ನು ಮೊದಲಿಂದ ಕೊನೆತನಕ ನೋಡಿದರಂತೆ, ಎಲ್ಲಿಯೂ ಅಣ್ಣನ ಸುಳಿವಿಲ್ಲವಂತೆ, ಅಕ್ಕಿಕಾಳಿಗೆ ನಿಲ್ಲದ ಅಣ್ಣ ಪಂಚಮಿಗೂ ಬರುವುದು ಬೇಡವಂತೆ. ಅವ್ವ ಕಟ್ಟುತ್ತಿದ್ದ ಉಂಡಿಯನ್ನು ತಟ್ಟೆಗೆ ಹಾಕಿ, "ಆ ಡಬ್ಬಿ ಬದಿಗಿಟ್ಟು ಒಂದ್ ಗಳಿಗಿ ತಂಗಿ ಹಿಂದ ನಿಂತಿದ್ರ ನಿನ್ನ ಗಂಟೇನು ಹೋಗ್ತಿತ್ತಲೇ?" ಎಂದಳು. ಡಬ್ಬಿ ಎಂದದ್ದು ಉಂಡಿಯ ಡಬ್ಬಿಗಲ್ಲ, ನನ್ನ ಕ್ಯಾಮೆರಾಕ್ಕೆ. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಏನಾದರಾಗಲಿ ಎಂದು ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ತೆಲಿಗಿಗೆ ಹೋದೆ. ಬೀಗರಾದ ಚನ್ನಬಸಪ್ಪನವರು ಪಡಸಾಲೆಯಲ್ಲಿ ಟಿ.ವಿ.ಯ ಎದುರು ಕೂತಿದ್ದರು. ಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಮರ್ಯಾದೆಗೇನೂ ಕಡಿಮೆಯಿಲ್ಲ. ಆಮೇಲೆ ನೇರವಾಗಿ ಚಂದ್ರನಿಗೆ ಹೋದರು.

"ಅಲ್ರಿ ಬೀಗ್ರ, ನೀವು ಫೋಟೊದೋರು, ನಿಮಗ ಗೊತ್ತಿರ್ತತಿ. ಆ ಮನುಷ್ಯಾ ಏಣಿ ಇಳಿಯೋದನ್ನ ಹೊರಗಿಂದ ತೋರಿಸ್ಯಾರ. ಅವನs ಮೊದಲು ಇಳಿದೋನಾದ್ರ, ಹೊರಗ ಕ್ಯಾಮೆರಾ ಹಿಡಕೊಂಡು ನಿಂತೋನು ಯಾರು?"

ನನ್ನ ವಿದ್ಯೆಗೆ ಕೊನೆಗೂ ಒಂದು ಸಭೆ ಸಿಕ್ಕಿತ್ತು. ನೌಕೆಯ ಹೊರಮೈಯಲ್ಲೇ ಒಂದು ಕ್ಯಾಮೆರಾ ಮಡಚಿಟ್ಟಿದ್ದರು, ಅವನು ಇಳಿಯುವಾಗ ಒಂದು ಹಗ್ಗ ಎಳೆದ, ಅದು ತೆರೆದುಕೊಂಡಿತು ಎಂದು ವಿವರಿಸಿದೆ. ಕಿಟಕಿಯ ಕ್ಯಾಮೆರಾದ ಬಗ್ಗೆಯೂ ಹೇಳಿದೆ. ಆ ಬಿಸಿಯಲ್ಲಿಯೇ, ಕ್ಯಾಮೆರಾ ಹಿಡಿದವನು ಫೋಟೊದಲ್ಲಿ ಬೀಳುವುದಿಲ್ಲ, ಹಾಗೆಂದು ಅವನು ಅಲ್ಲಿರಲಿಲ್ಲ ಅನ್ನಲಾದೀತೇ, ನನ್ನ ತಂಗಿಯ ಮದುವೆಯಲ್ಲೂ ಆದದ್ದು ಇದೇ ಎಂದು ಜಾಣತನದಿಂದ ವಿಷಯಕ್ಕೆ ಬಂದೆ.

ಬೀಗರು ಮೀಸೆ ಸವರಿಕೊಂಡರು. "ಮನುಷ್ಯಾ ಇಲ್ದ ಕ್ಯಾಮೆರಾ ತೆಗಿತತಿ ಅಂತೀರಿ. ಕ್ಯಾಸೆಟ್‌ನಾಗ ಇಲ್ದ ಮನುಷ್ಯಾ ಇದ್ದ ಅಂತನೂ ಅಂತೀರಿ. ಎರಡರಾಗ ಒಂದು ಹೇಳ್ರಿ."

ನಾನೇ ತೋಡಿದ ಬಾವಿಯಲ್ಲಿ ನಾನೇ ಬಿದ್ದಿದ್ದೆ. ಅವರು ಅದಾಗಲೇ ಕ್ಯಾಸೆಟ್ಟು ಹಾಕಿದ್ದರು. ಅಕ್ಕಿಕಾಳು ಬೀಳುತ್ತಿದೆ, ಪಾರಿವಾಳ ಹಾರುತ್ತಿವೆ, ಸಿನಿಮಾ ಹಾಡು ಮೊಳಗುತ್ತಿದೆ. ಬೀಗರು ಸ್ವತಃ ವೇದಿಕೆಯ ಮೇಲೆ ನಿಂತು ನೆಟ್ಟ ನೋಟದಿಂದ ನನ್ನನ್ನೇ ನೋಡುತ್ತಿದ್ದಾರೆ. ಅಂದರೆ ನನ್ನ ಕ್ಯಾಮೆರಾವನ್ನು ನೋಡುತ್ತಿದ್ದಾರೆ. ಅದರ ನೆತ್ತಿಯ ಮೇಲಿನ ಲೈಟು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದರ ಹಿಂದೆ ಒಬ್ಬ ನರಮನುಷ್ಯನಿದ್ದ ಎಂಬುದು ಆ ವೇದಿಕೆಯಲ್ಲಿ ಯಾರಿಗೂ ಕಂಡಿಲ್ಲ. ಮದುಮಗನನ್ನು ಕೇಳೋಣವೆಂದರೆ, ಬಾಸಿಂಗದ ಮರೆಯಲ್ಲಿ ತನಗೆ ಹೆಂಡತಿಯೇ ಸರಿಯಾಗಿ ಕಂಡಿರಲಿಲ್ಲ ಎಂದು ಅವನು ಹೊಲಕ್ಕೆ ಹೋಗಿಬಿಟ್ಟಿದ್ದ.

"ಬರೋ ವರ್ಷ ನೋಡೋಣಂತ," ಎಂದರು ಬೀಗರು. ನಾನು ಉಂಡಿಯ ಡಬ್ಬಿಯನ್ನು ಅಲ್ಲೇ ಬಿಟ್ಟು ಏಳಬೇಕೆಂದಿದ್ದೆ. ಅವ್ವನ ಮುಖ ಹೇಗೆ ನೋಡುವುದೆಂದು ತಿಳಿಯಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ಅನ್ನಪೂರ್ಣ ಕಾಣಿಸಿಕೊಂಡಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಖಾಲಿ ಲೋಟಗಳ ತಟ್ಟೆ.

"ಅಣ್ಣ ಅಲ್ಲೇ ಇದ್ದನ್ರಿ ಮಾವಾರ. ಲೈಟಿನ ಹಿಂದ ನಿಂತು ಅಳಾಕತ್ತಿದ್ದ."

"ಲೈಟಿನಾಗ ನಿನಗ ಹೆಂಗ ಕಾಣಿಸ್ತವ್ವ?"

"ಕಾಣಿಸ್ಲಿಲ್ರಿ, ಕೇಳಿಸ್ತು. ಸಣ್ಣಾಕಿ ಇದ್ದಾಗಿಂದ ಕೇಳೀನಿ, ಅವನು ಮೂಗು ಏರಸೋ ಸಪ್ಪಳ ನನಗ ಗೊತ್ತಾಗಂಗಿಲ್ಲೇನ್ರಿ? ಕ್ಯಾಸೆಟ್‌ನಾಗ ಅದರ ಮ್ಯಾಲೆ ಹಾಡು ಹಾಕ್ಯಾನ."

ನಿಜ, ಮಿಕ್ಸಿಂಗ್‌ನವನು ಮದುವೆಯ ಸಪ್ಪಳವನ್ನೆಲ್ಲ ಅಳಿಸಿ ಹಾಡು ತುಂಬಿಸಿದ್ದ. ಹಾಗೆ ಮಾಡು ಎಂದು ಒತ್ತಿ ಹೇಳಿದವನು ನಾನು. ನಾಚಿಕೆಯಿಂದ ತಲೆ ತಗ್ಗಿಸಿದೆ, ಕಣ್ಣು ತುಂಬಿಕೊಂಡಿತು. ಬೇಡ ಬೇಡವೆಂದರೂ ಮೂಗು ಏರಿಸಿದೆ.

ಮೂಲೆಯಲ್ಲಿ ಎಲೆ ಮಡಚುತ್ತಿದ್ದ ಬೀಗತಿ ತಟ್ಟನೆ ಕತ್ತೆತ್ತಿದರು. "ಹೌದ್ ನೋಡ್ರಿ, ಇದs ಸಪ್ಪಳ. ಅವತ್ತು ನಾನೂ ಕೇಳೀನಿ. ಯಾರಿಗೋ ನೆಗಡಿ ಆಗೈತಿ ಅನ್ಕೊಂಡಿದ್ದೆ."

ಬೀಗರು ಸೊಸೆಯ ಕಡೆ ತಿರುಗಿದರು. "ಇಷ್ಟು ದಿನ ಯಾಕ ಹೇಳ್ಲಿಲ್ಲ ಮತ್ತ?"

"ನೀವು ಟಿ.ವಿ.ನ ಕೇಳಿದ್ರಿ. ನನ್ನ ಯಾರು ಕೇಳಿದ್ರಿ?"

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಸಾರಿಗೆ ಉಪ್ಪು ಸಾಲದು ಅನ್ನುವ ದನಿಯಲ್ಲಿ ಹೇಳಿದಳು. ಆದರೆ ಬೀಗರ ಜೊತೆಗೆ ನನಗೂ ತಾಗಿತು. ಆ ಮದುವೆಯನ್ನು ಇಡೀ ಊರು ಕ್ಯಾಸೆಟ್ಟಿನಲ್ಲಿ ಹುಡುಕುತ್ತಿದ್ದಾಗ, ಮದುವೆಯಾದವಳು ಪಕ್ಕದ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನಾದರೂ ಬಂದ ಮೇಲೆ ಅವಳನ್ನು ಕೇಳಿದ್ದೆನೇ? ಚಂದ್ರಲೋಕದ ಹಗ್ಗ ಎಳೆಯುತ್ತ ಕೂತಿದ್ದೆ.

ಬೀಗರು ದೊಡ್ಡ ಮನುಷ್ಯರು, ಸೋತದ್ದನ್ನು ಬಾಯಿಬಿಟ್ಟು ಹೇಳುವ ಚಾಳಿ ಅವರಿಗಿಲ್ಲ. "ಪೆಟ್ಟಿಗಿ ಕಟ್ಟವ್ವ, ಬಸ್ಸಿಗೆ ಹೊತ್ತಾಗ್ತತಿ," ಎಂದರು. ಆಮೇಲೆ ನನ್ನ ಚೀಲದಿಂದ ಇಣುಕುತ್ತಿದ್ದ ಸಣ್ಣ ಕ್ಯಾಮೆರಾವನ್ನು ನೋಡಿ ಕೈಚಾಚಿದರು. "ಕೊಡ್ರಿ ಇಲ್ಲಿ. ಇವತ್ತರ ತಂಗಿ ಪಕ್ಕ ನಿಂದರ್ರಿ, ನಾ ಹೊಡಿತೀನಿ."

ನಿಂತೆವು. ಅವರು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ರೀಲು ತೊಳೆಸಿದಾಗ ಅನ್ನಪೂರ್ಣಳ ಸೀರೆಯ ಅಂಚು, ನನ್ನ ಅಂಗಿಯ ಗುಂಡಿಗಳು, ಇಬ್ಬರ ಪಾದಗಳು ಬಹಳ ಸ್ಪಷ್ಟವಾಗಿ ಬಂದಿದ್ದವು. ತಲೆಗಳು ಇರಲಿಲ್ಲ. ಬಲಗಡೆಯ ಅರ್ಧ ಭಾಗವನ್ನು ಒಂದು ದಪ್ಪ ಹೆಬ್ಬೆರಳು ಆಕ್ರಮಿಸಿಕೊಂಡಿತ್ತು.

ಇದನ್ನು ಹರಿದು ಒಗೆಯೋಣ ಎಂದರೆ ಬೀಗರು ಬಿಡಲಿಲ್ಲ. ಚೌಕಟ್ಟು ಹಾಕಿಸಿ ಟಿ.ವಿ.ಯ ನೆತ್ತಿಯ ಮೇಲೆ ಇಟ್ಟಿದ್ದಾರೆ. ಬಂದವರು ಇದ್ಯಾರ ರುಂಡವಿಲ್ಲದ ಫೋಟೊ ಎಂದು ಕೇಳಿದರೆ, "ನಮ್ಮ ಬೀಗ್ರು, ಸೊಸಿ. ತಗದೋನು ನಾನs," ಅನ್ನುತ್ತಾರಂತೆ. ಅನುಮಾನದ ಪ್ರಾಣಿಗಳು ಎಲ್ಲ ಊರಲ್ಲೂ ಇರುತ್ತಾರಲ್ಲ, ಅಂಥವರು ಮುಖ ಓರೆ ಮಾಡಿದರೆ ಬೀಗರು ತಮ್ಮ ಹೆಬ್ಬೆರಳನ್ನು ಚೌಕಟ್ಟಿನ ಪಕ್ಕಕ್ಕೆ ಹಿಡಿದು, ಹೋಲಿಸಿಕೊಳ್ಳಿರಿ ಎಂದು ಹೇಳುತ್ತಾರಂತೆ.