ಮನೆಗಾಡಿಗೆ ಎಷ್ಟು ಬೆರಳು

ಯಾವ ವಸ್ತುವನ್ನು ಕಂಡರೂ ಮನಸ್ಸಿನಲ್ಲೇ ಅದಕ್ಕೊಂದು ಬೆಲೆ ಕಟ್ಟುವ ಚಟ ನನಗಿದೆ. ಮದುವೆಗೆ ಹೋದರೆ ಹಂದರದ ತಗಡಿಗೆ ಬೆಲೆ ಕಟ್ಟುತ್ತೇನೆ, ಆಸ್ಪತ್ರೆಗೆ ಹೋದರೆ ರೋಗಿ ಮಲಗಿದ ಮಂಚಕ್ಕೆ. ಒಮ್ಮೆ ನನ್ನ ಹೆಂಡತಿ, "ಎಲ್ಲಾದಕ್ಕೂ ಕಟ್ಟತೀರಲ್ಲ, ನನಗೆಷ್ಟ ಕಟ್ಟೀರಿ?" ಎಂದು ಕೇಳಿದಳು. ಅಂದು ಊಟ ಮುಗಿಯುವ ತನಕ ನಾನು ತಲೆ ಎತ್ತಲಿಲ್ಲ.

ಇದು ರಕ್ತದಲ್ಲಿ ಬಂದದ್ದು. ನಮ್ಮಪ್ಪ ವಿಜಾಪುರದ ಕಡೆ ದನದ ಸಂತೆಗಳಲ್ಲಿ ದಲಾಲಿ ಮಾಡುತ್ತಿದ್ದ. ಎತ್ತಿನ ತುಟಿ ಸರಿಸಿ ಹಲ್ಲು ನೋಡಿ, ಮೈಮೇಲೆ ಕೈಯಾಡಿಸಿ ಸುಳಿ ಹುಡುಕಿ, ನಾಲ್ಕು ಹೆಜ್ಜೆ ನಡೆಸಿ ಬೆಲೆ ಹೇಳಿದನೆಂದರೆ ಕೊಡುವವನೂ ಕೊಳ್ಳುವವನೂ ಒಪ್ಪುತ್ತಿದ್ದರು. ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟು ಗೋವಾಕ್ಕೆ ಬಂದು ದಾಬೋಲಿಮ್‌ನಲ್ಲಿ ಗಾಡಿಗಳ ತಗಡು ಬಡಿಯುವ ಕೆಲಸ ಹಿಡಿದೆ. ಕೆಲವು ವರ್ಷಕ್ಕೆ ನನ್ನದೇ ಗ್ಯಾರೇಜು ಆಯಿತು. ಯಾರ ಮುಂದೆಯೂ ಕೈ ಒಡ್ಡದೆ ಕಟ್ಟಿದ್ದು. ಇದನ್ನು ಯಾರೂ ಕೇಳದಿದ್ದರೂ ಹೇಳಿಕೊಳ್ಳುವುದು ನನ್ನ ಎರಡನೇ ಚಟ.

ಗಾಡಿಗೂ ಹಲ್ಲುಗಳಿರುತ್ತವೆ. ಮೀಟರನ್ನು ಹಿಂದೆ ತಿರುಗಿಸಬಹುದು, ಆದರೆ ಬ್ರೇಕಿನ ಪೆಡಲಿನ ಮೇಲಿನ ರಬ್ಬರು ಸವೆದದ್ದನ್ನು ಯಾರು ತಿರುಗಿಸಿಯಾರು? ನಮ್ಮಲ್ಲಿಯ ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎಂಥ ಮುದಿ ಗಾಡಿಯೂ ಮದುಮಗನೇ. ಅದಕ್ಕೇ ನಾನು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡಿರುತ್ತೇನೆ. ಅಂಟಿದರೆ ತಗಡು, ಜಾರಿದರೆ ಪುಟ್ಟಿ. ಮನುಷ್ಯರಿಗೂ ಇಂಥದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಅದು ಮೊದಲು ನನ್ನ ಮೇಲೆಯೇ ಜಾರೀತೆಂದು ಹೆದರಿ ಆ ಆಸೆ ಬಿಟ್ಟಿದ್ದೇನೆ.

ಇಷ್ಟೆಲ್ಲ ಬಲ್ಲ ನನಗೂ ಬೆಲೆ ತಿಳಿಯದ ಗಾಡಿ ಒಂದು ಬಂತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮ ರಸ್ತೆಯ ಕೊನೆಯಲ್ಲಿ ಮಿಂಗೆಲ್ ಬಾಬ್ ಇದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಬರುವಾಗ ವಿಲಾಯತಿಯಿಂದ ಒಂದು ಮೋಟರ್‌ಹೋಮ್ ತಂದಿದ್ದರು. ಸುಂಕ ಕಟ್ಟಿದ ಕಾಗದಪತ್ರ ಎಲ್ಲ ಸರಿಯಾಗಿತ್ತು. ನಮ್ಮ ಓಣಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟಿತು. ಒಳಗೆ ಮಂಚ, ಗ್ಯಾಸಿನ ಒಲೆ, ಕೈತೊಳೆಯುವ ಬೋಗುಣಿ, ಗೋಡೆಗೆ ತೇಗದ ಹಲಗೆ, ಕಿಟಕಿಗೆ ಜಾಲರಿ ಪರದೆ. ಅದರಲ್ಲೇ ಗಂಡಹೆಂಡತಿ ಕನ್ಯಾಕುಮಾರಿ ನೋಡಿದರು, ವೇಳಾಂಕಣ್ಣಿಗೆ ಹೋದರು. ಆಮೇಲೆ ಹೆಂಡತಿ ಕಾರ್ಮೆಲಿನ್ ಬಾಯಿಗೆ ಸೊಂಟದ ಎಲುಬಿನ ತೊಂದರೆ ಶುರುವಾಗಿ, ಗಾಡಿಯ ಮೆಟ್ಟಿಲು ಹತ್ತುವುದೇ ಆಗದಾಯಿತು. ಬೊಂಬಾಯಿಯಲ್ಲಿ ಆಪರೇಷನ್ ಮಾಡಿಸಬೇಕು. ಅದಕ್ಕೆ ಗಾಡಿ ಮಾರಬೇಕು.

ಮಿಂಗೆಲ್ ಬಾಬ್ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು. ಅವರಾಡಿದ್ದು ಕೊಂಕಣಿ, ಆದರೆ ನನ್ನ ಕಿವಿಯಲ್ಲಿ ಅದು ವಿಜಾಪುರದ ಕನ್ನಡವಾಗಿಯೇ ಉಳಿದಿದೆ.

"ಮೇಸ್ತ್ರಿ, ಗಿರಾಕಿ ನೀನ ನೋಡು. ಬೆಲಿ ಮಾತ್ರ ಆಕಿ ಕಿವಿಗೆ ಬೀಳಬಾರದು. ಆಕಿ ಅದನ್ನ ಗಾಡಿ ಅಂತ ಯಾವತ್ತೂ ಅಂದಿಲ್ಲ, ಮನಿ ಅಂತಾಳ. ಗುಜರಿ ರೇಟ ಕೇಳಿದ್ಳಂದ್ರ, ಮಾರಬ್ಯಾಡ್ರಿ, ಕಾಲು ಹಿಂಗ ಇರಲಿ ಅಂತಾಳ."

"ನಿಮಗರ ಹೇಳಲ್ರಿ?"

"ನನಗೂ ಮುಂಚೇನ ಹೇಳಬ್ಯಾಡ. ನನ್ನ ಮುಖ ನೋಡಿ ಓದತಾಳ."

ಇಲ್ಲಿಯೇ ನನ್ನ ವಿದ್ಯೆ ಕೈಕೊಟ್ಟಿತು. ಗಾಡಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತದೆ. ಮನೆ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತದೆ. ಎರಡೂ ಒಂದೇ ಆಗಿ ನಿಂತರೆ ಯಾವ ಲೆಕ್ಕ ಹಿಡಿಯಬೇಕು? ಪೆಟ್ರೋಲು ಕುಡಿಯುವ ಎಂಜಿನು, ಕೆಟ್ಟರೆ ಹಡಗು ಹತ್ತಿ ಬರಬೇಕಾದ ಬಿಡಿಭಾಗ, ಹಿಂದಿನ ಮೂಲೆಯಲ್ಲಿ ನೀರು ಸೋರಿ ಮೆತ್ತಗಾದ ನೆಲ. ಇವೆಲ್ಲ ಬೆಲೆಯನ್ನು ಕೆಳಗೆಳೆದವು. ಆದರೆ ಆ ಪರದೆಯ ಅಂಚಿಗೆ ಯಾರೋ ಕೂತು ಹಾಕಿದ ಹೊಲಿಗೆಗೆ ಏನು ಕಳೆಯುವುದು, ಏನು ಕೂಡಿಸುವುದು?

ಗಿರಾಕಿಯಾಗಿ ಇಮಾಮಸಾಬರನ್ನು ಕರೆತಂದೆ. ಇಂಡಿ ಕಡೆಯವರು, ಉಸಗಾಂವದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಅಲ್ಲಿ ಬಾಡಿಗೆ ಮನೆ ಸಿಗದೆ ಲಾರಿಯ ಕ್ಯಾಬಿನ್ನಿನಲ್ಲೇ ಮಲಗುತ್ತ, ಊರಿನಿಂದ ಹೆಂಡತಿಯನ್ನು ಕರೆತರಲಾಗದೆ ಒದ್ದಾಡುತ್ತಿದ್ದ ಮನುಷ್ಯ. ಅವರಿಗೆ ಒಳಗೆ ತೋರಿಸಲೆಂದು ಮುಂದಾದ ನಾನು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಕಾಲು ತಾನಾಗಿ ಬಿಟ್ಟಿತು.

"ಮೇಸ್ತ್ರಿ, ಚಪ್ಪಲಿ ಹಾಕ್ಕೊಳ್ರಿ," ಎಂದರು ಇಮಾಮಸಾಬ್. "ನೀವು ಹಿಂಗ ಗುಡಿ ಹೊಕ್ಕಂಗ ಹೊಕ್ರ ರೇಟ ಏರತೈತಿ."

ಎಲ್ಲ ನೋಡಿಯಾದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, "ಐವತ್ತು ಸಾವಿರಕ್ಕ ಕಮ್ಮಿ ಕೇಳಿದ್ರ ಪಾಪ, ಹೆಚ್ಚ ಕೊಟ್ರ ಹುಚ್ಚು. ಮುಂದ ನಿಮ್ಮ ಇಚ್ಛಾ," ಎಂದೆ. ಅವರು ಗಡ್ಡ ಕೆರೆದುಕೊಂಡು ಮತ್ತೊಮ್ಮೆ ಗಾಡಿಯನ್ನು ಸುತ್ತುಹಾಕಿ ಬಂದರು. ಮಿಂಗೆಲ್ ಬಾಬರು ಅಂಗಳದಲ್ಲಿ ನಿಂತಿದ್ದರು. ಮನೆಮುಂದಿನ ಕಟ್ಟೆಯ ಮೇಲೆ ಕಾರ್ಮೆಲಿನ್ ಬಾಯಿ ಮೀನು ಹೆಚ್ಚುವ ನೆವದಲ್ಲಿ ಇತ್ತಲೇ ಕಿವಿಯಿಟ್ಟು ಕೂತಿದ್ದರು. ಇಮಾಮಸಾಬರದು ಲಾರಿಯ ಹಾರ್ನಿನಂಥ ದನಿ. ಬಾಯಿ ತೆರೆದರೆ ಬಾಯ್ನಾದ ಕಡಲತೀರದ ತನಕ ಕೇಳೀತು.

ಆಗ ನನಗೆ ಅಪ್ಪನ ಟವೆಲ್ಲು ನೆನಪಾಯಿತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ಲು ಮುಚ್ಚಿ, ಕೊಳ್ಳುವವನು ಕೊಡುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಬೆಲೆ. ಇಡೀ ಕೈ ಹಿಡಿದರೆ ಐದು. ಸುತ್ತಲಿನವರು ಬಾಯಿ ಹಾಕಬಾರದೆಂದು ಹೀಗೆ ಎನ್ನುತ್ತಾರೆ. ಅಪ್ಪ ಕೊಡುತ್ತಿದ್ದ ಕಾರಣ ಬೇರೆ: "ಎತ್ತಿನ ಕಿವ್ಯಾಗ ಅದರ ಬೆಲಿ ಬೀಳಬಾರದು. ದುಡದ ಜೀವಕ್ಕ ಬ್ಯಾಸರಾಗತೈತಿ."

ಹೆಗಲ ಮೇಲಿನ ಟವೆಲ್ಲು ತೆಗೆದೆ. ನಮ್ಮ ಕಡೆಯವರೇ ಆದ ಇಮಾಮಸಾಬರಿಗೆ ಈ ಸಂತೆಯ ಲೆಕ್ಕ ಗೊತ್ತೇ ಇತ್ತು. ಒಂದು ಬೆರಳಿಗೆ ಹತ್ತು ಸಾವಿರ, ಅವರು ಹಿಡಿದಷ್ಟು ಬೆರಳು ಎಣಿಸಿಕೊಳ್ಳಿ, ಒಪ್ಪಿಗೆಯಾದರೆ ತಲೆಯಾಡಿಸಿ ಎಂದು ಮಿಂಗೆಲ್ ಬಾಬರ ಕಿವಿಯಲ್ಲಿ ಹೇಳಿ, ಇಬ್ಬರ ಕೈ ಮುಚ್ಚಿದೆ. ಟವೆಲ್ಲಿನೊಳಗೆ ಏನೋ ಅಲುಗಿತು. ಮಿಂಗೆಲ್ ಬಾಬ್ ಒಮ್ಮೆ ಕಟ್ಟೆಯ ಕಡೆ ನೋಡಿದರು. ತಲೆಯಾಡಿಸಿದರು. ಇಮಾಮಸಾಬರು ರೊಕ್ಕ ತರಲು ಹೊರಟರು. ನನ್ನ ಜಾಣತನಕ್ಕೆ ನಾನೇ ಬೀಗುತ್ತ ಬೀಡಿ ಹಚ್ಚಿದೆ.

ಬೀಡಿ ಅರ್ಧವಾಗಿತ್ತು. ಮಿಂಗೆಲ್ ಬಾಬ್ ಮೆಲ್ಲಗೆ ಅಂದರು, "ಮೂರು ಹಿಡದ, ಮೇಸ್ತ್ರಿ. ಇರಲಿ. ಆಕಿ ಮುಂದ ಚೌಕಾಸಿ ಮಾಡೂದು ಆಗಲಿಲ್ಲ. ಉಳದದ್ದಕ್ಕ ಏನರ ಮಾಡತೇನಿ."

ನನ್ನ ಮೈ ಉರಿಯಿತು. ಇಮಾಮಸಾಬರು ಸಂಜೆ ರೊಕ್ಕದ ಗಂಟಿನೊಡನೆ ಬಂದಾಗ, ಕಾರ್ಮೆಲಿನ್ ಬಾಯಿಗೆ ಕೇಳದಂತೆ ಅವರನ್ನೂ ಮಿಂಗೆಲ್ ಬಾಬರನ್ನೂ ನನ್ನ ಗ್ಯಾರೇಜಿಗೆ ಕರೆದೊಯ್ದು ಕೇಳಿದೆ.

"ಏನ್ರಿ ಸಾಬ್ರ, ಮೂರಕ್ಕ ಮನಿ ಹೊಡಕೊಂಡ ಹೊಂಟೀರಲ್ಲ, ವ್ಯವಹಾರ ತಿಳೀದ ಮುದುಕ ಸಿಕ್ಕ ಅಂತೇನು?"

"ಯಾವ ಮೂರು? ನಾ ಇಡೀ ಕೈ ಹಿಡದೇನಿ."

ಮೂವರೂ ಮಿಂಗೆಲ್ ಬಾಬರ ಬಲಗೈ ನೋಡಿದೆವು. ಕಿರುಬೆರಳು, ಅದರ ಪಕ್ಕದ್ದು, ಎರಡೂ ಇಲ್ಲ. ಹಡಗಿನ ಎಂಜಿನ್ನಿಗೆ ಸಿಕ್ಕು ಎಂದೋ ಹೋಗಿದ್ದವು. ಅವರು ಆ ಕೈಯನ್ನು ಸದಾ ಚಡ್ಡಿಯ ಜೇಬಿನಲ್ಲಿಡುತ್ತಿದ್ದರು. ವರ್ಷಗಟ್ಟಲೆ ನೋಡಿದ್ದ ನನಗೂ ಅದು ಹೊಳೆಯಲಿಲ್ಲ. ಐದು ಬೆರಳಿನ ಭಾಷೆಗೆ ಮೂರು ಬೆರಳಿನ ಮನುಷ್ಯನನ್ನು ನಿಲ್ಲಿಸಿದ್ದೆ.

"ಬೆರಳ ಕಮ್ಮಿ ಅನಿಸಿತ್ರಿ," ಎಂದರು ಇಮಾಮಸಾಬ್. "ಮುದುಕಪ್ಪ ಮಡಚಿ ಇಟ್ಕೊಂಡಾರ ಅನಕೊಂಡೆ."

ಆಮೇಲೆ ನಡೆದಂಥ ವ್ಯಾಪಾರವನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ, ಅನಂತರವೂ ಕಂಡಿಲ್ಲ. ಮಿಂಗೆಲ್ ಬಾಬ್, "ಮೂರಕ್ಕ ತಲಿ ಆಡಿಸೇನಿ, ಮೂರ ತಗೋತೇನಿ, ನಾ ಹಡಗಿನ ಮನುಷ್ಯಾ, ಮಾತಂದ್ರ ಮಾತು," ಎಂದು ಹಿಂದೆ ಸರಿದರು. ಇಮಾಮಸಾಬ್, "ನಾ ಐದು ಕೊಟ್ಟೇನಿ, ಕಮ್ಮಿ ತಗೊಂಡ್ರ ನನಗ ಗಾಡಿ ಬ್ಯಾಡ. ನನ್ನ ಹೇಂತಿ ಮುಂದ ಬೆರಳಿಲ್ಲದವರ ಬೆರಳ ಕದ್ದು ಮನಿ ತಂದೇನಿ ಅಂತ ಹೇಳಲೇನು?" ಎಂದು ಗಂಟನ್ನು ಮುಂದೆ ನೂಕಿದರು. ಕೊಳ್ಳುವವನು ಏರಿಸುತ್ತಾನೆ, ಕೊಡುವವನು ಇಳಿಸುತ್ತಾನೆ. ಇಬ್ಬರೂ ಕೊನೆಗೆ ನನ್ನ ಕಡೆ ತಿರುಗಿದರು.

"ಹಿಡದವನ ಲೆಕ್ಕ ನಡೀತೈತಿ," ಎಂದೆ. "ಇದು ನಮ್ಮಪ್ಪನ ಕಾಲದ ಕಾಯಿದೆ."

ಅಂಥ ಕಾಯಿದೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಆದರೆ ನಾನು ಗಟ್ಟಿಯಾಗಿ ಹೇಳಿದರೆ ಜನ ನಂಬುತ್ತಾರೆ. ಗಂಟು ಕೈ ಬದಲಾಯಿಸಿತು.

ಮನೆಗಾಡಿ ಗೇಟು ದಾಟಿ ಉಸಗಾಂವದ ಕಡೆ ಹೊರಟಿತು. ಕಾರ್ಮೆಲಿನ್ ಬಾಯಿ ಅದರ ಬೆನ್ನು ಮರೆಯಾಗುವ ತನಕ ನೋಡಿ, ಸೆರಗಿಲ್ಲದ ತಮ್ಮ ಉಡುಪಿನ ತುದಿಯಲ್ಲೇ ಮುಖ ಒರೆಸಿಕೊಂಡರು. ಮಿಂಗೆಲ್ ಬಾಬ್ ಯಾರೂ ಕೇಳದಿದ್ದರೂ ಶುರುಮಾಡಿದರು: "ಭಾಳ ಚಲೋ ರೇಟ ಬಂತು, ನಾವು ಅನಕೊಂಡದ್ದಕ್ಕಿಂತ..."

ಆಕೆ ನನ್ನ ಕಡೆ ತಿರುಗಿದರು.

"ಎಷ್ಟ ಬಂತು ಅಂತ ನಾ ಕೇಳೂದಿಲ್ಲ ಮೇಸ್ತ್ರಿ. ಕೊಂಡ ತಂದಾಗ ಇವರು, ಭಾಳ ಅಗ್ಗ ಸಿಕ್ತು ಅಂದ್ರು. ಈಗ, ಭಾಳ ರೊಕ್ಕ ಬಂತು ಅಂತಾರ. ಎರಡೂ ಕೂಡಿಸಿ ಅರ್ಧಾ ಮಾಡಿದ್ರ ನ್ಯಾಯದ ಬೆಲಿ ಸಿಗತೈತಿ. ಮದಿವ್ಯಾದಾಗಿಂದ ಇವರ ಎಲ್ಲಾ ಮಾತಿಗೂ ನಾ ಹಂಗ ಮಾಡಕೋತ ಬಂದೇನಿ."

ಆಮೇಲೆ ಗಂಡನ ಆ ಬಲಗೈಯನ್ನು ಜೇಬಿನಿಂದ ಎಳೆದು ಊರುಗೋಲಿನಂತೆ ಹಿಡಿದು ಎದ್ದರು.

"ಅದಿರಲಿ. ಬೊಂಬಾಯಿಗೆ ಯಾವಾಗ ಹೋಗೂದು, ಅದನ್ನ ಹೇಳ್ರಿ."