ಫಾರಂನ ಕೊನೆಯ ಸಾಲು

ರಕ್ತ ತೆಗೆಯುವುದರಲ್ಲಿ ನನ್ನ ಕೈ ಬಲು ಹಗುರ ಎಂದು ಹೊನ್ನಾಳಿಯಿಂದ ಜಗಳೂರಿನವರೆಗೆ ಹೆಸರಿತ್ತು. ಚನ್ನಗಿರಿ ಕಡೆ ಶಿಬಿರ ಹಾಕಿದರೆ, “ಕನ್ನಡಕದ ಅಕ್ಕ ಬಂದಾರೇನ್ರಿ?” ಎಂದು ಕೇಳಿಕೊಂಡೇ ಸಾಲಿಗೆ ನಿಲ್ಲುವವರಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಕೈ ನೆಟ್ಟಗಿದ್ದರೆ ಸಾಕು, ಬಾಯಿ ಹೇಗಿದ್ದರೂ ನಡೆಯುತ್ತದೆ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ, ಹೆಂಗಸರ ರಕ್ತಹೀನತೆಯ ಬಗ್ಗೆ ಸಂಶೋಧನೆ ಮಾಡುವ ತಂಡದ ಜೊತೆ ನ್ಯಾಮತಿ ಕಡೆಯ ಒಂದು ಲಂಬಾಣಿ ತಾಂಡಾಕ್ಕೆ ಹೋದೆ. ತಾಂಡಾದ ಹಿರಿಯರಾದ ನಾಯಕರು ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಇನ್ನೇನು, ಬೇಗ ಬೇಗ ಹೆಬ್ಬೆಟ್ಟು ಒತ್ತಿಸಿ ಮಧ್ಯಾಹ್ನದೊಳಗೆ ಗಂಟು ಕಟ್ಟೋಣ ಎಂದು ಬೇವಿನ ಮರದ ಕೆಳಗೆ ಮೇಜು ಹಾಕಿದೆ. ಆಗ ಒಬ್ಬ ಮುದುಕಿ ಬಂದು ಎದುರು ನಿಂತಳು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗುವ ಮೊದಲು ತಾಂಡಾದ ಸೂಲಗಿತ್ತಿಯಾಗಿದ್ದವಳು.

“ನಾಯಕರು ಹೂಂ ಅಂದಿದ್ದು ನೀವು ತಾಂಡಾದಾಗೆ ಬರಾಕೆ. ತೋಳು ಅವರದಲ್ಲವಲ್ರೀ,” ಎಂದಳು. “ಆ ಕಾಗದದಾಗೆ ಏನೈತೆ, ಓದ್ರಿ.”

ಓದಿದೆ. ಇನ್ನೊಮ್ಮೆ ಓದಿಸಿದಳು. ಅಕ್ಷರ ಬಾರದ ಹೆಂಗಸು ಎರಡೇ ಸಲ ಕೇಳಿ ಇಡೀ ಒಪ್ಪಿಗೆ ಪತ್ರವನ್ನು ಬಾಯಿಪಾಠ ಮಾಡಿದ್ದಳು! ಸ್ಟೂಲಿನ ಪಕ್ಕ ನಿಂತು, ಬಂದ ಒಬ್ಬೊಬ್ಬಳಿಗೂ ತಮ್ಮ ಭಾಷೆಯಲ್ಲಿ ಒಪ್ಪಿಸತೊಡಗಿದಳು. ಎಲ್ಲ ಕೇಳಿಸಿಕೊಂಡ ಮೇಲೆಯೇ ತೋಳು ಮುಂದೆ ಬರುತ್ತಿತ್ತು. ನನಗೋ ಒಳಗೊಳಗೇ ಉರಿ. ಹೀಗಾದರೆ ಸಂಜೆಯಾದರೂ ಮುಗಿಯುವುದಿಲ್ಲ ಎಂದು ಗೊಣಗುತ್ತಿದ್ದೆ.

ಮೂರನೆಯ ಹೆಂಗಸಿನ ಹೊತ್ತಿಗೆ ಅವಳು ಫಾರಂ ಮೇಲೆ ಬೆರಳಿಟ್ಟಳು. “ಕೊನೇಗೆ ಒಂದು ಸಾಲು ಉಳೀತಲ್ರಿ. ನೀವು ಓದಲೇ ಇಲ್ಲ.” ನಾನು ಓದುವಾಗ ಸಾಲು ಎಣಿಸಿದ್ದಳು, ಪುಣ್ಯಾತ್ಗಿತ್ತಿ.

ಉಳಿದ ರಕ್ತವನ್ನು ಮುಂದಿನ ಬೇರೆ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳುವ ಸಾಲು ಅದು. ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ನಾನು ಯಾವ ಊರಲ್ಲೂ ಅದನ್ನು ಓದಿದವಳಲ್ಲ. ಎಲ್ಲರ ಪರವಾಗಿ ನಾನೇ ಹೌದು ಎಂದು ಗೀಚುವುದು ರೂಢಿ.

“ಅದೇನಿಲ್ಲಮ್ಮ, ಸುಮ್ನೆ ನಿಯಮಕ್ಕೆ. ಉಳಿದಿದ್ದನ್ನ ಚೆಲ್ತೀವಿ,” ಎಂದೆ. ಅವಳು ನಂಬಿದಳು. ಅಲ್ಲಿಂದ ಮುಂದೆ ಪ್ರತಿಯೊಬ್ಬಳಿಗೂ ನನ್ನ ಸುಳ್ಳನ್ನೂ ಸೇರಿಸಿ ಹೇಳಿದಳು. ಕೊನೆಗೆ ತಾನೂ ತೋಳು ಚಾಚಿದಳು; ಎಲ್ಲರ ಚೌಕದಲ್ಲೂ ನಾನು ಎಂದಿನಂತೆ ಹೌದು ಎಂದೇ ಗೀಚಿದೆ.

ಕೆಲವು ತಿಂಗಳಾದ ಮೇಲೆ, ಫ್ರೀಜರ್‌ನಲ್ಲಿದ್ದ ರಕ್ತದ ಟ್ಯೂಬುಗಳನ್ನು ಬೇರೆ ಊರಿಗೆ, ಬೇರೆ ಸಂಶೋಧನೆಗೆ ಕಳಿಸಲು ಪಟ್ಟಿ ಮಾಡು ಎಂದು ನನಗೆ ಹೇಳಿದರು. ಆ ತಾಂಡಾದ ಟ್ಯೂಬುಗಳು ಕೈಗೆ ಬಂದಾಗ ಪಟ್ಟಿ ಬರೆಯುವುದನ್ನು ನಿಲ್ಲಿಸಿದೆ. ನನ್ನ ಮಾತನ್ನು ತನ್ನ ಬಾಯಿಂದ ಆಡಿ ತನ್ನವರನ್ನು ಒಪ್ಪಿಸಿದವಳ ಮರ್ಯಾದೆ ಏನಾಗಬೇಕು? ನೇರವಾಗಿ ತಂಡದ ಮುಖ್ಯಸ್ಥೆಯಾದ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿಬಿಟ್ಟೆ. “ಆ ಚೌಕ ಇಟ್ಟಿದ್ದು ಅವರು ಗುರುತು ಹಾಕಲಿ ಅಂತ, ನೀವಲ್ಲ,” ಎಂದು ಚೆನ್ನಾಗಿ ಬೈದರು. ಕಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ನನ್ನ ಜೊತೆ ತಾಂಡಾಕ್ಕೆ ಹೊರಟರು. ಉಳಿದ ಊರುಗಳಿಗೂ ನಾನು ಮತ್ತೆ ಹೋಗಬೇಕೆಂದು ದಾರಿಯಲ್ಲೇ ತೀರ್ಮಾನವಾಯಿತು.

ಅದೇ ಬೇವಿನ ಮರದ ಕೆಳಗೆ ಹೆಂಗಸರ ಮುಂದೆ ನನ್ನ ತಪ್ಪು ಹೇಳಿಕೊಂಡೆ. ಕೆಲವರು ಮುಖ ತಿರುಗಿಸಿದರು. ಮುದುಕಿ ಎದ್ದು ನನ್ನೆದುರು ಬಂದು ನಿಂತಳು.

“ಇಲ್ಲಿ ಎಷ್ಟೋ ಮಕ್ಕಳನ್ನ ಎತ್ತೀನಿ,” ಎಂದಳು. “ಕೂಸಿನ ಹಿಂದೆ ಬರೋ ಮಾಸನ್ನ ಹೆತ್ತಾಕೆಯನ್ನ ಕೇಳದೆ ಒಂದು ದಿನಾನೂ ಹೂತಿಲ್ಲ. ಎಲ್ಲಿ ಹೂಳಲಿ ಅಂತ ಕೇಳ್ತಿದ್ದೆ. ಮೈಯಿಂದ ಹೊರಗೆ ಬಂತು ಅಂತ ಅದು ಸೂಲಗಿತ್ತಿದು ಆಗಾಕಿಲ್ಲ ಕಣ್ರಿ.”

ನನಗೆ ತರಬೇತಿಯಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ನಾಚಿಕೆಯ ಜೊತೆಗೆ ಅವಳ ಮೇಲೆ ಎಂಥದೋ ಪ್ರೀತಿ ಉಕ್ಕಿತು.

ಒಬ್ಬೊಬ್ಬರನ್ನೇ ಮತ್ತೆ ಕೇಳಿದೆವು, ಈ ಸಲ ಕೊನೆಯ ಸಾಲಿನಿಂದ ಶುರುಮಾಡಿ. ಹೆಚ್ಚಿನವರು ಇಟ್ಟುಕೊಳ್ಳಿ ಎಂದರು. ಐದು ಜನ ವಾಪಸ್ ಬೇಕೆಂದರು. ಡಾಕ್ಟರು ಅನುಮತಿಗಾಗಿ ಅಲ್ಲಿ ಇಲ್ಲಿ ಅಲೆದು, ಸೋಂಕು ತಗಲದಂತೆ ಕಾಯಿಸಿದ ಆ ರಕ್ತವನ್ನು ಡಬ್ಬಿಗಳಲ್ಲಿ ಮುಚ್ಚಿಸಿ ಕೊಟ್ಟರು. ಮುದುಕಿ ಗುದ್ದಲಿ ಹಿಡಿದಳು. ಕೇಳುವ ಕೆಲಸವನ್ನು ಮಾತ್ರ ನನಗೇ ಬಿಟ್ಟಳು. ಐದು ಬಾಗಿಲ ಮುಂದೆ ನಿಂತು, “ಎಲ್ಲಿ ಹೂಳೋಣಮ್ಮ?” ಎಂದು ಕೇಳಿದೆ. ಒಬ್ಬಳು ಕರಿಬೇವಿನ ಬುಡ ತೋರಿಸಿದಳು, ಇನ್ನೊಬ್ಬಳು ಬಚ್ಚಲ ಹಿಂದಿನ ಜಾಗ.

ಎಲ್ಲ ಮುಗಿದು ಕೈ ತೊಳೆಯುವಾಗ ನೆನಪಾಯಿತು, ಮುದುಕಿಯದೇ ಉತ್ತರ ಇನ್ನೂ ಬಂದಿಲ್ಲ. ಹೊಸ ಫಾರಂ ತೆಗೆದು ಕೊನೆಯ ಸಾಲನ್ನು ನಿಧಾನವಾಗಿ ಓದಿದೆ. “ನಿಮ್ಮದೇನು ಮಾಡೋಣಮ್ಮ?”

ಪೆನ್ನು ಕೇಳಿ ತೆಗೆದುಕೊಂಡಳು. ಹೌದು ಅನ್ನೋದು ಯಾವುದು ಎಂದು ವಿಚಾರಿಸಿ, ಆ ಚೌಕದೊಳಗೆ ತಾನೇ ಒತ್ತಿ ಗೀಟು ಎಳೆದಳು.

“ಆವತ್ತೇ ಕೇಳಿದ್ರೆ,” ಎಂದಳು, “ಆವತ್ತೇ ಇಟ್ಕಳ್ರಿ ಅಂತಿದ್ನಲ್ಲ.”